ಖ್ವಾಜಾ ಮಹಮೂದ ಗವಾನ: ಒಬ್ಬ ಪರದೇಶಸ್ಥನ ಮೊದಲ ನೌಕರಿ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಹಳ್ಳಿಗಳಿಂದ ಸುಗ್ಗಿ ತೀರಿದೊಡನೆ ಗಂಟುಮೂಟೆ ಕಟ್ಟಿಕೊಂಡು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳ ಹಾದಿ ಹಿಡಿಯುವ ಜನರನ್ನು ನಮ್ಮ ವಾಚಕರು ಪ್ರತಿವರ್ಷವೂ ಕಾಣುತ್ತಾರೆ. ಹೋದ ಊರಿನಲ್ಲಿ ನಮ್ಮವರೆಂಬವರು ಯಾರಿದ್ದಾರೆ, ಮೊದಲ ರಾತ್ರಿ ಎಲ್ಲಿ ತಂಗಬೇಕು, ಮೊದಲ ದುಡಿಮೆಯನ್ನು ಯಾರ ಮಾತಿನ ಮೇಲೆ ಕೊಟ್ಟಾರು ಎಂಬ ಚಿಂತೆಯೇ ಅವರ ಗಂಟಿನ ಅತ್ಯಂತ ಭಾರವಾದ ವಸ್ತು. ಆದರೆ ಐದೂವರೆ ಶತಮಾನಗಳ ಹಿಂದೆ ಈ ಹಾದಿಯು ತಿರುವು ಮುರುವಾಗಿತ್ತೆಂಬುದನ್ನು ನಾವು ಮರೆತಿದ್ದೇವೆ. ಆಗ ಇರಾಣ, ಖುರಾಸಾನ, ಅರಬಸ್ತಾನ, ತುರ್ಕಸ್ತಾನಗಳಿಂದ ಹೊಟ್ಟೆಪಾಡನ್ನೂ ಹೆಸರನ್ನೂ ಅರಸಿ ಜನರು ಸಮುದ್ರ ದಾಟಿ ನಮ್ಮ ಈ ಭೀಮೆಯ ಸೀಮೆಗೆ ಬರುತ್ತಿದ್ದರು. ಕಲಬುರ್ಗಿ ಬೀದರಗಳೇ ಅಂದಿನ ಮುಂಬಯಿ. ಹಾಗೆ ಬಂದವರಲ್ಲಿ ಎಲ್ಲರಿಗಿಂತ ದೊಡ್ಡವನಾಗಿ ಬೆಳೆದು, ಬೆಳೆದ ಕಾರಣದಿಂದಲೇ ತಲೆ ಕೊಟ್ಟವನು ಖ್ವಾಜಾ ಮಹಮೂದ ಗವಾನ.

ಅವನು ಹುಟ್ಟಿದ್ದು ಸುಮಾರು 1411ರಲ್ಲಿ, ಕಾಸ್ಪಿಯನ್ ಸಮುದ್ರದ ದಂಡೆಯ ಗೀಲಾನ ಪ್ರಾಂತದ ಗವಾನ ಎಂಬ ಊರಿನಲ್ಲಿ. ಇಮಾದುದ್ದೀನ ಮಹಮೂದನೆಂಬುದು ಅವನ ಹೆಸರು. ಊರಿನ ಹೆಸರು ಅಡ್ಡಹೆಸರಾಗಿ ನಿಂತುಹೋಯಿತು. ಅವನ ಮನೆತನದವರು ಗೀಲಾನದ ಅರಸರಲ್ಲಿ ಮಂತ್ರಿಪದವಿಯಲ್ಲಿದ್ದವರು. ಹೀಗಿರಲು ಅವನು ಊರಲ್ಲಿಯೇ ಉಳಿದು ಹಿರಿಯರ ಗಾದಿಯನ್ನೇರಬಹುದಾಗಿತ್ತು. ಆದರೆ ದರಬಾರಿನ ಒಳಸಂಚುಗಳು ಆ ಮನೆತನದ ಮೇಲೆ ತಿರುಗಿಬಿದ್ದವು. ಜೀವವನ್ನೂ ಮಾನವನ್ನೂ ಉಳಿಸಿಕೊಳ್ಳಲು ತರುಣ ಮಹಮೂದನು ತಾಯ್ನೆಲವನ್ನು ಬಿಟ್ಟನು. ಕಾಗದ, ಕುಟಿಲ, ಕಿವಿಯೂದುವಿಕೆ ಇವುಗಳಿಂದ ತಪ್ಪಿಸಿಕೊಳ್ಳಲೆಂದು ಹೊರಟವನಿಗೆ ಮುಪ್ಪಿನಲ್ಲಿ ಒಂದು ಸುಳ್ಳು ಕಾಗದದಿಂದಲೇ ಮರಣ ಬರೆದಿತ್ತೆಂಬುದು ಇತಿಹಾಸದ ವಿಚಿತ್ರವೆನ್ನಬೇಕು.

ದೇಶ ಬಿಟ್ಟವನು ವ್ಯಾಪಾರಿಯಾದನು. ಈ ವೃತ್ತಿಯ ಆಯ್ಕೆಯನ್ನು ನಾವು ಗಮನಿಸತಕ್ಕದ್ದು. ಅರಸರ ಊಳಿಗಕ್ಕೆ ಅರಸನೊಬ್ಬನೇ ಒಡೆಯ. ವ್ಯಾಪಾರಕ್ಕೆ ಊರೂರೂ ಆಶ್ರಯ. ಅವನು ದಮಾಸ್ಕಸ್, ಕೈರೋ ಮುಂತಾದ ಪಟ್ಟಣಗಳನ್ನು ಸುತ್ತಿದನು. ಸರಕು ಇಳಿಸಿದ ಊರಿನಲ್ಲಿ ಸರಕನ್ನು ಮಾರಿ ಸುಮ್ಮನೆ ಹೊರಡದೆ ಅಲ್ಲಿಯ ಪಂಡಿತರ ಬಳಿ ಕುಳಿತನು. ಕೈರೋದಲ್ಲಿ ಇಬ್ನ ಹಜರ ಎಂಬ ಪ್ರಖ್ಯಾತ ವಿದ್ವಾಂಸನಲ್ಲಿ ಪಾಠ ಕೇಳಿದನು. ಗಣಿತ, ವೈದ್ಯ, ಪತ್ರಲೇಖನ, ಕವಿತೆ ಎಲ್ಲವೂ ಅವನಿಗೆ ಬಂದವು. ಇರಾಕ ಖುರಾಸಾನಗಳ ಅರಸರು ಮಂತ್ರಿಪದವಿಗೆ ಕರೆದರೂ ಹೋಗಲಿಲ್ಲವೆಂದು ಇತಿಹಾಸಕಾರ ಫಿರಿಸ್ತನು ಬರೆದಿದ್ದಾನೆ. ಒಮ್ಮೆ ಕೈ ಸುಟ್ಟುಕೊಂಡವನು ಒಲೆಯ ಹತ್ತಿರ ಬೇಗ ಬಾರನಷ್ಟೆ.

1453ರಲ್ಲಿ, ನಾಲ್ವತ್ತು ದಾಟಿದ ಮೇಲೆ, ಅವನು ಕೊಂಕಣದ ದಾಭೋಳ ಬಂದರದಲ್ಲಿ ಬಂದಿಳಿದನು. ಜೊತೆಗೆ 40,000 ಲಾರಿಗಳಷ್ಟು ಬಂಡವಲು. (ಲಾರಿಯೆಂದರೆ ಇರಾಣದ ಬೆಳ್ಳಿಯ ನಾಣ್ಯ.) ನಾಲ್ವತ್ತರ ಮೇಲೆ ಗುರುತಿಲ್ಲದ ನಾಡಿನಲ್ಲಿ ಹೊಸದಾಗಿ ಬಾಳುವೆ ಹೂಡುವದು ಸಣ್ಣ ಸಾಹಸವಲ್ಲ. ಅದೂ ಆ ಕಾಲದಲ್ಲಿ ಬಹಮನಿ ರಾಜ್ಯಕ್ಕೆ ಬರುವ ಪರದೇಶಸ್ಥನ ಸ್ಥಿತಿ ಹೇಗಿತ್ತು ಎಂಬುದನ್ನು ತಿಳಿಯದೆ ಅವನ ಮೊದಲ ನೌಕರಿಯ ಬೆಲೆ ನಮಗೆ ತಿಳಿಯಲಾರದು.

ಬೀದರದ ದರಬಾರಿನಲ್ಲಿ ಆಗ ಎರಡು ಪಕ್ಷಗಳು. ಹಿಂದಿನ ತಲೆಮಾರುಗಳಲ್ಲಿ ಬಂದು ಇಲ್ಲಿಯೇ ಬೇರೂರಿದವರೂ, ಈ ನೆಲದಲ್ಲಿಯೇ ಹುಟ್ಟಿ ಮತಾಂತರ ಹೊಂದಿದವರೂ ಸೇರಿ ದಖನಿಗಳು. ಹಬಸಿಗಳು ಬಹುಮಟ್ಟಿಗೆ ಇವರ ಕಡೆಗೆ. ಹೊಸದಾಗಿ ಕಡಲು ದಾಟಿ ಬಂದವರು ಅಫಾಕಿಗಳು. ಇವರಿಗೆ ಗರೀಬರು ಎಂದೂ ಹೆಸರು. ಆ ಶಬ್ದದ ಮೂಲಾರ್ಥ ಬಡವನಲ್ಲ, ಪರಸ್ಥಳದವನು. ಹೊಸಬರಿಗೆ ದೊಡ್ಡ ಹುದ್ದೆ ಸಿಕ್ಕುತ್ತಿದ್ದುದು ಹಳಬರ ಕಣ್ಣಿಗೆ ಕಿಸುರು. ಬಸರಾದಿಂದ ಬಂದ ಖಲಫ ಹಸನನೆಂಬ ವ್ಯಾಪಾರಿಯು ಅಹಮದಶಹನನ್ನು 1422ರಲ್ಲಿ ಪಟ್ಟಕ್ಕೇರಿಸಲು ನೆರವಾಗಿ, ಮಲಿಕ್-ಉತ್-ತುಜ್ಜಾರ, ಅಂದರೆ ವರ್ತಕರ ಒಡೆಯ, ಎಂಬ ಬಿರುದನ್ನು ಪಡೆದಿದ್ದನು. ಮುಂದೆ ಕೊಂಕಣದ ಘಟ್ಟಗಳಲ್ಲಿ ಅವನ ಸೈನ್ಯವು ನಾಶವಾದಾಗ, ಅಳಿದುಳಿದ ಪರದೇಶಸ್ಥರು ಚಾಕಣದ ಕೋಟೆಯನ್ನು ಸೇರಿಕೊಂಡರು. ಅವರು ರಾಜದ್ರೋಹ ಎಸಗಿದ್ದಾರೆಂದು ವಿರೋಧಿಗಳು ಸುಳ್ಳು ವರದಿ ಕಳಿಸಿ ಸುಲ್ತಾನನಿಂದ ಅಪ್ಪಣೆ ಪಡೆದು, ನಂಬಿಸಿ ಕೋಟೆಯಿಂದ ಹೊರಗೆ ತಂದು ಕೊಂದರು. ಇದು ನಡೆದು ಆರೇಳು ವರ್ಷಗಳಾಗಿರಲಿಲ್ಲ. ಅಂಥ ಊರಿಗೆ ಗವಾನನು ಬಂದದ್ದು.

ಅವನು ನೌಕರಿಗಾಗಿ ಬಂದೆನೆಂದು ಯಾರಲ್ಲಿಯೂ ಹೇಳಿಕೊಳ್ಳಲಿಲ್ಲ. ಬೀದರದಲ್ಲಿ ಶಹಾ ಮುಹಿಬುಲ್ಲಾ ಎಂಬ ಸಂತನಿದ್ದನು. ಕಿರಮಾನದ ಪ್ರಸಿದ್ಧ ನಿಯಾಮತುಲ್ಲಾನ ವಂಶದವನು. ಬಹಮನಿ ಅರಸರು ಆ ಮನೆತನದವರನ್ನು ಇರಾಣದಿಂದ ಕರೆತಂದು ಗುರುಸ್ಥಾನದಲ್ಲಿಟ್ಟಿದ್ದರು. ಬೀದರದ ಅಷ್ಟೂರ ಹಾದಿಯಲ್ಲಿ ಇಂದಿಗೂ ನಿಂತಿರುವ ಚೌಖಂಡಿಯು ಆ ಮನೆತನದ ಹಿರಿಯನಾದ ಖಲೀಲುಲ್ಲಾನ ಗೋರಿ. ಮುಹಿಬುಲ್ಲಾನ ದರ್ಶನ ಪಡೆದು, ಮುಂದೆ ದಿಲ್ಲಿಗೆ ಹೋಗಿ ಅಲ್ಲಿಯ ಸಂತರನ್ನು ಕಾಣುವದೇ ಗವಾನನ ಮೂಲ ಸಂಕಲ್ಪವಾಗಿತ್ತು. ಪರಸ್ಥಳದಲ್ಲಿ ಗುರುಮನೆಯೇ ಮೊದಲ ಆಸರೆ. ಇಂದು ನಮ್ಮ ಹುಡುಗನು ಪುಣೆಯಲ್ಲಿ ಊರ ಮಠದ ಭಕ್ತರ ಮನೆಯನ್ನು ಹುಡುಕುವಂತೆ ಅಂದು ಗೀಲಾನದವನು ಬೀದರದಲ್ಲಿ ಕಿರಮಾನದ ಗುರುವನ್ನು ಹುಡುಕಿದನು. ಅಲ್ಲಿ ತನ್ನ ಭಾಷೆ ಆಡುವವರಿದ್ದರು. ಅಲ್ಲಿಂದ ಅರಮನೆಯ ಬಾಗಿಲು ದೂರವಿರಲಿಲ್ಲ.

ಎರಡನೆಯ ಅಲಾವುದ್ದೀನ ಅಹಮದಶಹನು ಅವನನ್ನು ಕರೆಯಿಸಿ ಮಾತನಾಡಿಸಿದನು. ಬಂದವನ ವಿದ್ಯೆ, ಲೋಕಾನುಭವ, ಮಾತಿನ ತೂಕ ಇವೆಲ್ಲ ಸುಲ್ತಾನನಿಗೆ ಮೆಚ್ಚುಗೆಯಾದವು. ದಿಲ್ಲಿಯ ಪ್ರವಾಸ ಅಲ್ಲಿಗೇ ನಿಂತಿತು. ಬೇಡಿದವನಿಗಿಂತ ಬೇಡದವನಿಗೆ ಬೇಗ ಕೊಡುವ ಸ್ವಭಾವವು ಅರಸರಿಗೂ ಅಧಿಕಾರಿಗಳಿಗೂ ಸಮಾನ. ಅಂಗಡಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತವನ ಕಡೆಗೆ ಯಾರೂ ನೋಡುವದಿಲ್ಲ. ತನ್ನ ಪಾಡಿಗೆ ತಾನು ಮುಂದೆ ಹೋಗುವವನನ್ನು ಕೂಗಿ ಕರೆಯುತ್ತಾರೆ. ಆದರೆ ಹಾಗೆ ಮುಂದೆ ಹೋಗುವೆನೆನ್ನಬೇಕಾದರೆ ಸೊಂಟದಲ್ಲಿ 40,000 ಲಾರಿಗಳಿರಬೇಕು ಎಂಬುದನ್ನೂ ಬಡ ಉಮೇದುವಾರರ ಪರವಾಗಿ ನಾವು ಹೇಳಲೇಬೇಕು.

ಮೊದಲ ನೌಕರಿಯಾಗಿ ಅವನಿಗೆ ದೊರೆತದ್ದು ಸಾವಿರ ಕುದುರೆಯ ಮನಸಬು. ಅದರೊಡನೆ ಒಂದು ಕಠಿಣವಾದ ಕೆಲಸ. ಸುಲ್ತಾನನ ಸಂಬಂಧಿಕನೇ ಆದ ಜಲಾಲಖಾನನು ತೆಲಂಗಾಣದ ನಲಗೊಂಡದಲ್ಲಿ ದಂಗೆಯೆದ್ದಿದ್ದನು. ಅವನ ಮಗ ಸಿಕಂದರಖಾನನು, ಸುಲ್ತಾನನು ಸತ್ತಿದ್ದಾನೆಂದು ಸುದ್ದಿ ಹಬ್ಬಿಸಿ ಮಾಳವದ ಮಹಮೂದ ಖಿಲಜಿಯನ್ನು ರಾಜ್ಯದ ಮೇಲೆ ಕರೆತಂದಿದ್ದನು. ಸುಲ್ತಾನನು ತಾನೇ ಮಾಳವದವನನ್ನು ಎದುರಿಸಲು ಹೊರಟು, ನಲಗೊಂಡದ ಕಡೆಗೆ ಈ ಹೊಸಬನನ್ನು ಕಳಿಸಿದನು. ತಕ್ಕಡಿ ಹಿಡಿದ ಕೈಗೆ ಕತ್ತಿ ಕೊಟ್ಟದ್ದನ್ನು ಕಂಡು ಹಳಬರು ನಕ್ಕಿದ್ದರೆ ಆಶ್ಚರ್ಯವಿಲ್ಲ. ಸೋತರೆ ಪರದೇಶಸ್ಥನಿಗೆ ಅಡಗಲು ಬಂಧುಗಳ ಮನೆ ಕೂಡ ಇಲ್ಲ. ಗೆದ್ದರೆ ಸುಲ್ತಾನನ ರಕ್ತಸಂಬಂಧಿಕರ ವೈರ ಕಟ್ಟಿಟ್ಟದ್ದು.

ಗವಾನನು ಗೆದ್ದನು, ಆದರೆ ಗೆದ್ದ ಬಗೆಯಲ್ಲಿ ಅವನ ವಿಶೇಷವಿದೆ. ದಂಗೆಕೋರರು ಶರಣಾಗತರಾದ ಮೇಲೆ ಅವರ ತಲೆಗಳನ್ನು ಬೀದರಕ್ಕೆ ಕಳಿಸಿ ತನ್ನ ನಿಷ್ಠೆಯನ್ನು ಮೆರೆಸಬಹುದಾಗಿತ್ತು. ಹಾಗೆ ಮಾಡದೆ ಅವರ ಪರವಾಗಿ ಸುಲ್ತಾನನಲ್ಲಿ ಬಿನ್ನವಿಸಿಕೊಂಡು ಅವರಿಗೆ ಕ್ಷಮೆ ಕೊಡಿಸಿದನು. ಜಲಾಲಖಾನನ ಜಹಗೀರಿಯಾದ ನಲಗೊಂಡವು ಅವನಲ್ಲಿಯೇ ಉಳಿಯಿತು. ಮೊದಲ ಕೆಲಸದಲ್ಲಿಯೇ ವೈರಿಗಳನ್ನು ಕಡಿಮೆ ಮಾಡಿಕೊಂಡ ಈ ಜಾಣ್ಮೆಯನ್ನು ಕೆಲವರು ಹೇಡಿತನವೆಂದರೂ ಅನ್ನಬಹುದು. ನಮಗೆ ಹಾಗೆನಿಸುವದಿಲ್ಲ. ಹೊಸ ನಾಡಿನಲ್ಲಿ ಕೆಲಸ ಹಿಡಿದವನು ಹಳಬರ ಅನ್ನಕ್ಕೆ ಕೈ ಹಾಕದೆ ತನ್ನ ಅನ್ನವನ್ನು ಗಳಿಸಿದನು. ಅವನು ಮುಂದೆ ಇಪ್ಪತ್ತೈದು ವರ್ಷ ನಡೆಸಿದ ರಾಜ್ಯಭಾರದ ರೀತಿಯೆಲ್ಲವೂ ಈ ನಲಗೊಂಡದ ಪ್ರಸಂಗದಲ್ಲಿ ಬೀಜರೂಪವಾಗಿ ಇದೆ.

ಅನಂತರದ ಏರಿಕೆ ತ್ವರಿತವಾದದ್ದು. 1458ರಲ್ಲಿ ಪಟ್ಟವೇರಿದ ಹುಮಾಯೂನಶಹನು ಕ್ರೂರಿಯೆಂದು ಹೆಸರಾದವನು. ಅವನು ಕೂಡ ಗವಾನನಿಗೆ ಮಲಿಕ್-ಉತ್-ತುಜ್ಜಾರ ಬಿರುದನ್ನೂ ವಿಜಾಪುರದ ಸುಭೇದಾರಿಯನ್ನೂ ಪ್ರಧಾನಿಪದವಿಯನ್ನೂ ಕೊಟ್ಟನು. ದಾಭೋಳದಲ್ಲಿ ಇಳಿದು ಐದು ವರ್ಷ ತುಂಬಿತ್ತು, ಅಷ್ಟೆ. 1461ರಲ್ಲಿ ಹುಮಾಯೂನನು ತೀರಿಕೊಂಡಾಗ ಎಂಟು ವರ್ಷದ ನಿಜಾಮಶಹನು ಪಟ್ಟಕ್ಕೆ ಬಂದನು. ರಾಜಮಾತೆ, ಖ್ವಾಜಾ ಜಹಾನ ತುರ್ಕ, ಗವಾನ ಈ ಮೂವರು ಕೂಡಿ ಕಾರಭಾರ ನಡೆಸಿದರು. ಮಕ್ಕಳ ಕೈಯ ರಾಜ್ಯವೆಂದು ಮಾಳವದ ಖಿಲಜಿಯು ಮತ್ತೆ ಏರಿಬಂದು ಬೀದರ ಪಟ್ಟಣವನ್ನೇ ಹಿಡಿದನು. ಆಗ ರಾಜಮಾತೆಯು ಬಾಲಕ ಸುಲ್ತಾನನನ್ನು ಕರೆದುಕೊಂಡು ಬಂದು ಆಶ್ರಯ ಪಡೆದದ್ದು ನಮ್ಮ ಫಿರೋಜಾಬಾದಿನಲ್ಲಿ. ಕಲಬುರ್ಗಿಯಿಂದ ಜೇವರ್ಗಿಯ ಕಡೆಗೆ ಹೋಗುವವರು ಭೀಮೆಯ ದಂಡೆಯಲ್ಲಿ ಬಿದ್ದ ಗೋಡೆಗಳನ್ನು ನೋಡಿ ಮುಂದೆ ಸಾಗುತ್ತಾರೆ. ಒಂದು ರಾಜ್ಯದ ಉಸಿರು ಕೆಲವು ದಿನ ಆ ಗೋಡೆಗಳೊಳಗೆ ತಂಗಿತ್ತೆಂಬುದು ಎಷ್ಟು ಜನರಿಗೆ ಗೊತ್ತು? ಗವಾನನು ಗುಜರಾತಿನ ಮಹಮೂದ ಬೇಗಡನಿಂದ ಸಹಾಯ ತರಿಸಿ ಖಿಲಜಿಯನ್ನು ಹಿಂದೆಗೆಸಿದನು. ಬಾಲಕನು ಎರಡು ವರ್ಷಗಳಲ್ಲಿ ತೀರಿಕೊಂಡನು. ಅವನ ತಮ್ಮ ಮೂರನೆಯ ಮುಹಮ್ಮದಶಹನು ಬಂದನು. 1466ರಲ್ಲಿ ಖ್ವಾಜಾ ಜಹಾನ ತುರ್ಕನ ವಧೆಯಾದ ಮೇಲೆ ಗವಾನನೇ ರಾಜ್ಯದ ಏಕಮಾತ್ರ ಆಧಾರಸ್ತಂಭವಾದನು.

ಗವಾನನ ವೈಭವದ ಕಾಲದಲ್ಲಿಯೇ ಈ ನಾಡಿಗೆ ಇನ್ನೊಬ್ಬ ಪರದೇಶಸ್ಥನು ಬಂದನು. ಇವನ ಕಥೆಯನ್ನು ಅವನ ಕಥೆಯ ಪಕ್ಕದಲ್ಲಿಟ್ಟು ನೋಡಬೇಕು. ರಶಿಯಾದ ತ್ವೆರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನನು ದಾರಿಯಲ್ಲಿ ದರೋಡೆಗೊಳಗಾಗಿ ಇದ್ದಬದ್ದದ್ದನ್ನು ಕಳೆದುಕೊಂಡನು. ಊರಿಗೆ ಮರಳಿದರೆ ಸಾಲಗಾರರ ಕಾಟ. ಆದಕಾರಣ ಮುಂದೆಯೇ ನಡೆದು ಒಂದೇ ಒಂದು ಕುದುರೆಯೊಡನೆ ಚೌಲ ಬಂದರಕ್ಕೆ ಬಂದಿಳಿದನು. ಜುನ್ನರದ ಅಧಿಕಾರಿ ಅಸದಖಾನನು ಆ ಕುದುರೆಯನ್ನು ಕಿತ್ತುಕೊಂಡು, ಮತ ಬದಲಿಸಿದರೆ ಕುದುರೆಯನ್ನೂ ಅದರ ಮೇಲೆ ಸಾವಿರ ಹೊನ್ನನ್ನೂ ಕೊಡುವೆನೆಂದು ನಾಲ್ಕು ದಿನಗಳ ಗಡುವು ಹಾಕಿದನು. ಖುರಾಸಾನದ ಮುಹಮ್ಮದನೆಂಬ ಖ್ವಾಜಾನೊಬ್ಬನು ನಡುವೆ ಬಂದು ಕುದುರೆ ಬಿಡಿಸಿ ಕೊಟ್ಟನು. ಅವನಿಲ್ಲದಿದ್ದರೆ ನಿಕಿತಿನನ ಗತಿ ಏನಾಗುತ್ತಿತ್ತೋ! ಪರಸ್ಥಳದಲ್ಲಿ ಒಬ್ಬನ ಮಾತು ಹೇಗೆ ಆಳಿನ ಬಾಳನ್ನು ಉಳಿಸುವದೆಂಬುದಕ್ಕೆ ಇದು ನಿದರ್ಶನ.

ಈ ನಿಕಿತಿನನು ನಮ್ಮ ಆಳಂದದ ಜಾತ್ರೆಯನ್ನು ಬಣ್ಣಿಸಿದ್ದಾನೆ. ಶೇಖ ಅಲಾವುದ್ದೀನನ ನೆನಪಿನ ದಿವಸ ಅಲ್ಲಿ ಜನ ನೆರೆಯುತ್ತಿತ್ತು. ಹತ್ತು ದಿವಸಗಳ ವರೆಗೆ ವ್ಯಾಪಾರ. ದೇಶದ ಎಲ್ಲ ಭಾಗಗಳಿಂದ ಸರಕು. ಮಾರಾಟಕ್ಕೆ ಬಂದ ಕುದುರೆಗಳೇ 20,000. ಇದಕ್ಕಿಂತ ಒಳ್ಳೆಯ ಸಂತೆಯನ್ನು ಆ ನಾಡಿನಲ್ಲಿ ಅವನು ಕಾಣಲಿಲ್ಲ. ಬೀದರದಿಂದ ಅದು ಹನ್ನೆರಡು ಕೋಸು ಎಂದು ಅವನ ಲೆಕ್ಕ. ಅವನ ಕೋಸು ನಮ್ಮದಕ್ಕಿಂತ ಬಹಳ ಉದ್ದವಾದದ್ದೆಂದು ತಿಳಿಯಬೇಕು. ಲಾಡ್ಲೆ ಮಶಾಯಕನೆಂದು ನಮ್ಮ ಜನ ಎಲ್ಲ ಜಾತಿಯವರೂ ನಡೆದುಕೊಳ್ಳುವ ಅಲಾವುದ್ದೀನ ಅನ್ಸಾರಿಯ ದರ್ಗೆಯೇ ಈ ಶೇಖನ ಸ್ಥಾನ. ಹುರಮುಜದಿಂದ ಹಡಗಿನಲ್ಲಿ ಬಂದ ಕುದುರೆಯೂ, ಅದನ್ನು ಹತ್ತುವ ಹೊಸ ರಾವುತನೂ, ಇಬ್ಬರಿಗೂ ಬೆಲೆ ಕಟ್ಟುವ ಸರದಾರನೂ ಇಂಥ ಸಂತೆಯಲ್ಲಿ ಒಂದೆಡೆ ಕೂಡುತ್ತಿದ್ದರು. ಸ್ವಂತ ಕುದುರೆಯುಳ್ಳ ಪರದೇಶಸ್ಥನಿಗೆ ಚಾಕರಿ ಬೇಗ ದೊರೆಯುತ್ತಿದ್ದ ಕಾಲವದು. ನಿಕಿತಿನನಿಗೆ ಮಾತ್ರ ಇಲ್ಲಿ ನೆಲೆ ದೊರೆಯಲಿಲ್ಲ. ತನ್ನ ನಾಡಿಗೆ ಒಯ್ಯತಕ್ಕ ಸರಕು ಇಲ್ಲಿಲ್ಲವೆಂದು ಕೊರಗಿದನು; ಕುದುರೆಯನ್ನು ಬೀದರದಲ್ಲಿ ಮಾರಿ, ಕಲಬುರ್ಗಿ ಮುಂತಾದ ಊರುಗಳನ್ನು ತಿರುಗಿ, ಕೊನೆಗೆ ಮರಳುವಾಗ ಸ್ವಂತ ಊರು ಮುಟ್ಟುವ ಮೊದಲೇ ಸ್ಮೊಲೆನ್ಸ್ಕದ ಹತ್ತಿರ ಸತ್ತನು. ಮಲಿಕ್-ಉತ್-ತುಜ್ಜಾರನ ಮನೆಯಲ್ಲಿ ದಿನಾಲು 500 ಜನ ಉಣ್ಣುವದನ್ನೂ, ರಾತ್ರಿ 100 ಆಯುಧಪಾಣಿಗಳು ಕಾವಲಿರುವದನ್ನೂ ಅವನು ಬರೆದಿಟ್ಟಿದ್ದಾನೆ. ಊಟವು ಅವನ ಔದಾರ್ಯಕ್ಕೆ ಸಾಕ್ಷಿ. ಕಾವಲು ಅವನ ಭಯಕ್ಕೆ.

ಗವಾನನ ದಂಡಯಾತ್ರೆಗಳನ್ನು ಸವಿಸ್ತರವಾಗಿ ಹೇಳಲು ಇಲ್ಲಿ ಸ್ಥಳವಿಲ್ಲ. 1469ರಿಂದ ಮೂರು ವರ್ಷ ಕೊಂಕಣದಲ್ಲಿ ಹೋರಾಡಿ ಖೇಳಣಾ, ಸಂಗಮೇಶ್ವರಗಳನ್ನು ಹಿಡಿದನು. 1472ರ ಫೆಬ್ರುವರಿ 1ಕ್ಕೆ ವಿಜಯನಗರದವರ ಕೈಯಿಂದ ಗೋವೆಯನ್ನು ತೆಗೆದುಕೊಂಡನು. ಮರುವರ್ಷ ಬೆಳಗಾವಿಯು ಬಿದ್ದಿತು. ಗೋವೆ ಹೋದದ್ದರಿಂದ ವಿಜಯನಗರಕ್ಕೆ ಕುದುರೆಗಳು ಬರುವ ಬಾಗಿಲು ಮುಚ್ಚಿತು. ಕನ್ನಡಿಗರಾದ ನಮಗೆ ಈ ಜಯಗಳನ್ನು ಓದುವಾಗ ಮನಸ್ಸು ಎರಡಾಗುವದು ಸಹಜ. ಆದರೆ ಅವನ ರಾಜ್ಯವ್ಯವಸ್ಥೆಯನ್ನು ಮಾತ್ರ ಯಾವ ಪಕ್ಷದವರೂ ಮೆಚ್ಚಲೇಬೇಕು. ವಿಶೇಷವಾಗಿ ಸರಕಾರಿ ಕಚೇರಿಗಳಲ್ಲಿರುವ ನಮ್ಮ ವಾಚಕರು.

ರಾಜ್ಯದಲ್ಲಿ ಆವರೆಗೆ ನಾಲ್ಕು ತರಫುಗಳಿದ್ದವು. ಒಬ್ಬೊಬ್ಬ ತರಫದಾರನೂ ಚಿಕ್ಕ ಸುಲ್ತಾನನಂತಿದ್ದನು. ಗವಾನನು ಅವನ್ನು ಒಡೆದು ಎಂಟು ಮಾಡಿದನು. ಹಿಂದೆ ತರಫಿನ ಕೋಟೆಗಳೆಲ್ಲ ತರಫದಾರನವು. ಇನ್ನು ಅವನಿಗೆ ಒಂದೇ ಕೋಟೆ, ಉಳಿದವುಗಳ ಕಿಲ್ಲೇದಾರರ ನೇಮಣೂಕು ನೇರವಾಗಿ ಬೀದರದಿಂದ. ಪ್ರತಿ ತರಫಿನಲ್ಲಿಯೂ ಕೆಲವು ಪರಗಣೆಗಳನ್ನು ಸುಲ್ತಾನನ ಖಾಲ್ಸಾಕ್ಕೆ ಸೇರಿಸಿದನು. 500 ಜನ ಸೈನಿಕರನ್ನು ಇಡುವ ಸರದಾರನಿಗೆ 1 ಲಕ್ಷ ಹೊನ್ನಿದ್ದುದನ್ನು 1,25,000ಕ್ಕೆ ಏರಿಸಿ, ಲೆಕ್ಕದಲ್ಲಿ ಒಬ್ಬ ಸೈನಿಕ ಕಡಿಮೆಯಾದರೂ ಹಣ ಮುರಿದುಕೊಳ್ಳುವ ಪದ್ಧತಿ ಹಾಕಿದನು. ಭೂಮಿಯ ಅಳತೆ, ಗ್ರಾಮಗಳ ಎಲ್ಲೆಕಟ್ಟು, ಕಂದಾಯದ ನಿಷ್ಕರ್ಷೆ ಇವೂ ಅವನ ಕಾಲದವು. ಹುದ್ದೆಗಳನ್ನು ಹಂಚುವಾಗ ಅವನು ತನ್ನವರಿಗೇ ಎಲ್ಲವನ್ನೂ ಕೊಡಲಿಲ್ಲ. ಕಲಬುರ್ಗಿಯ ಹಳೆಯ ತರಫು ಒಡೆದಾಗ ಭೀಮಾನದಿಯ ವರೆಗಿನ ವಿಜಾಪುರ ಭಾಗವನ್ನು ತಾನಿಟ್ಟುಕೊಂಡು, ನಳದುರ್ಗ ಸೊಲ್ಲಾಪುರಗಳವರೆಗೆ ಹರಡಿದ ಕಲಬುರ್ಗಿ ಭಾಗವನ್ನು ಹಬಸಿಯಾದ ದಸ್ತೂರ ದೀನಾರನಿಗೆ ಕೊಟ್ಟನು. ದಖನಿಗಳ ಮುಖಂಡನಾದ ನಿಜಾಮ-ಉಲ್-ಮುಲ್ಕ ಹಸನ ಬಹರಿಗೂ ತೆಲಂಗಾಣದಲ್ಲಿ ಒಂದು ತರಫು ದೊರೆಯಿತು.

ಸ್ಥಳೀಕ ಮತ್ತು ಪರಸ್ಥಳೀಕರ ಈ ತಕ್ಕಡಿಯನ್ನು ಸಮ ಹಿಡಿಯುವ ಕಷ್ಟವು ಗವಾನನೊಂದಿಗೆ ತೀರಲಿಲ್ಲ. ನಿಜಾಮನ ಆಳಿಕೆಯಲ್ಲಿ ಉತ್ತರ ಹಿಂದುಸ್ಥಾನದಿಂದ ಬಂದವರಿಗೆ ದೊಡ್ಡ ಹುದ್ದೆಗಳು ಹೋಗತೊಡಗಿದಾಗ ಮುಲ್ಕಿ, ಗೈರಮುಲ್ಕಿ ಎಂಬ ಜಗಳ ಹುಟ್ಟಿತು. 1919ರ ಫರ್ಮಾನಿನಿಂದ 15 ವರ್ಷ ನೆಲೆಸಿದವನೇ ಮುಲ್ಕಿಯೆಂದು ಗೊತ್ತಾಯಿತು. 2012ರ 98ನೆಯ ಸಂವಿಧಾನ ತಿದ್ದುಪಡಿಯು 371ಜೆ ಎಂಬ ಅನುಚ್ಛೇದದಿಂದ ಇದೇ ಸೀಮೆಯ ಸ್ಥಳೀಕರಿಗೆ ನೌಕರಿಯಲ್ಲಿಯೂ ವಿದ್ಯಾಲಯಗಳಲ್ಲಿಯೂ ಮೀಸಲು ತಂದಿತು. ಅದಾದರೂ ಸುಗ್ಗಿ ತೀರಿದೊಡನೆ ಬಂಡಿ ಹತ್ತುವವರು ಹತ್ತುತ್ತಲೇ ಇದ್ದಾರೆ.

ಬೀದರದ ಮದರಸೆಯು 1472ರಲ್ಲಿ ಮುಗಿಯಿತು. 205 ಅಡಿ ಉದ್ದ, 180 ಅಡಿ ಅಗಲದ, ಮೂರು ಅಂತಸ್ತಿನ ಆ ಕಟ್ಟಡದ ಮೈತುಂಬ ಇರಾಣದ ರೀತಿಯ ಬಣ್ಣದ ಹಂಚುಗಳು. ಅದರ ಗ್ರಂಥಾಲಯದಲ್ಲಿ 3,000 ಗ್ರಂಥಗಳಿದ್ದುವೆಂದು ಹೇಳುತ್ತಾರೆ. ಪಾಠ ಹೇಳಲು ಹೆರಾತದ ಮಹಾಕವಿ ಜಾಮಿಯನ್ನು ಗವಾನನು ಕರೆದನು. ಅವನು ಬರಲಿಲ್ಲ, ಸ್ನೇಹದ ಪತ್ರಗಳು ಮಾತ್ರ ಬಂದವು. ತುರ್ಕಸ್ತಾನದ ಸುಲ್ತಾನನಿಗೂ ಗೀಲಾನದ ಬಂಧುಗಳಿಗೂ ಅವನು ಬರೆದ ಪತ್ರಗಳು ರಿಯಾಜ-ಉಲ್-ಇನ್ಶಾ ಎಂಬ ಸಂಗ್ರಹದಲ್ಲಿ ಉಳಿದಿವೆ. ಔರಂಗಜೇಬನ ಕಾಲದಲ್ಲಿ, 1696ರಲ್ಲಿ, ಮದರಸೆಯಲ್ಲಿಟ್ಟಿದ್ದ ಮದ್ದು ಸಿಡಿದು ಒಂದು ಮಿನಾರವೂ ಮುಂಭಾಗದ ಅರ್ಧವೂ ಹಾರಿಹೋದವು. ವಿದ್ಯೆಯ ಮನೆಯಲ್ಲಿ ಮದ್ದು ತುಂಬಿದವರಿಗೆ ಏನೆನ್ನೋಣ!

1481ರಲ್ಲಿ ಸುಲ್ತಾನನು ಕಂಚಿಯ ವರೆಗೆ ದಂಡೆತ್ತಿ ಹೋಗಿ ಕೊಂಡಪಲ್ಲಿಗೆ ಮರಳಿದನು. ಗವಾನನು ಪಾಳೆಯದಲ್ಲಿಯೇ ಇದ್ದನು. ಹೊಸ ವ್ಯವಸ್ಥೆಯಿಂದ ಕೈ ಕಟ್ಟಿದಂತಾದ ವಿರೋಧಿಗಳು ಅವನ ಮುದ್ರೆಯ ಕಾವಲುಗಾರನನ್ನು ವಶಮಾಡಿಕೊಂಡು ಒಂದು ಬರಿಯ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಅದರಲ್ಲಿ ಒರಿಸ್ಸಾದ ಅರಸನಿಗೆ ಈ ರಾಜ್ಯದ ಮೇಲೆ ಏರಿಬರಲು ಆಮಂತ್ರಣವನ್ನು ಗವಾನನೇ ಬರೆದಂತೆ ಬರೆದರು. ಪತ್ರವು ಕುಡಿದ ಅಮಲಿನಲ್ಲಿದ್ದ ಸುಲ್ತಾನನ ಕೈಗೆ ಮುಟ್ಟಿತು. ವೃದ್ಧ ಮಂತ್ರಿಗೆ ಕರೆ ಬಂದಿತು. ಹೋಗಬೇಡವೆಂದು ಹಿತೈಷಿಗಳು ತಡೆದರು. ಸಾವಿರ ಕುದುರೆ ಸಿದ್ಧವಿವೆ, ಗುಜರಾತಿಗೆ ಹೋಗಬಹುದೆಂದವರೂ ಉಂಟು. ತರುಣನಾಗಿದ್ದಾಗ ಒಂದು ನಾಡನ್ನು ಬಿಟ್ಟು ಓಡಿದ್ದವನು ಈ ಸಲ ಓಡಲಿಲ್ಲ. ಮುದ್ರೆ ತನ್ನದು, ಬರಹ ತನ್ನದಲ್ಲವೆಂದು ಅರಿಕೆ ಮಾಡಿಕೊಂಡನು. ಸುಲ್ತಾನನು ವಿಚಾರಣೆ ಮಾಡದೆ ಗುಲಾಮ ಜೌಹರನಿಗೆ ಅಪ್ಪಣೆ ಕೊಟ್ಟು ಒಳಗೆ ಹೋದನು. ಏಪ್ರಿಲ್ 5ರಂದು ಗವಾನನ ಶಿರಚ್ಛೇದವಾಯಿತು. ಆಗ ಅವನಿಗೆ ಎಪ್ಪತ್ತರ ವಯಸ್ಸು.

ಅವನ ಐಶ್ವರ್ಯವನ್ನು ಜಪ್ತಿ ಮಾಡಲೆಂದು ಸುಲ್ತಾನನು ಖಜಾಂಚಿಯನ್ನು ಕರೆಯಿಸಿದಾಗ ಲೆಕ್ಕವು ಹೊರಬಿದ್ದಿತು. ಜಹಗೀರಿಯ ಉತ್ಪನ್ನವೆಲ್ಲ ಒಂದು ಕೋಶಕ್ಕೆ. ಅದು ಸೈನ್ಯ, ಆನೆ, ಕುದುರೆಗಳ ವೆಚ್ಚಕ್ಕೆ, ಉಳಿದದ್ದು ಸುಲ್ತಾನನ ಹೆಸರಿಗೆ. ಬಡವರ ಕೋಶವೆಂಬುದು ಬೇರೆ. ಅದರಲ್ಲಿದ್ದದ್ದು 300 ಲಾರಿ. ದಾಭೋಳದಲ್ಲಿ ಇಳಿದಾಗ ತಂದಿದ್ದ 40,000 ಲಾರಿಗಳನ್ನು ಅವನು ಕೊನೆಯ ವರೆಗೆ ವ್ಯಾಪಾರದಲ್ಲಿಯೇ ತೊಡಗಿಸಿದ್ದನು. ಅದರ ಲಾಭದಿಂದ ದಿನದ ಅಡಿಗೆ ಮತ್ತು ಉಡಿಗೆಗೆ ಅಷ್ಟಿಷ್ಟು ತೆಗೆದುಕೊಂಡು, ಉಳಿದುದನ್ನು ಗೀಲಾನದಲ್ಲಿದ್ದ ತಾಯಿಗೂ ಬಂಧುಗಳಿಗೂ ಪರಸ್ಥಳದ ವಿದ್ವಾಂಸರಿಗೂ ಕಳಿಸುತ್ತಿದ್ದನು. ಮಲಗುವದು ಚಾಪೆಯ ಮೇಲೆ. ಅನ್ನ ಬೇಯುವದು ಮಣ್ಣಿನ ಗಡಿಗೆಯಲ್ಲಿ. 500 ಜನ ಉಣ್ಣುತ್ತಿದ್ದ ಮನೆಯ ಯಜಮಾನನ ಸ್ವಂತ ಲೆಕ್ಕ ಇಷ್ಟೇ ಆಗಿತ್ತು.

ಪತ್ರವು ಕೃತ್ರಿಮವೆಂದು ತಿಳಿದ ಸುಲ್ತಾನನು ಶವವನ್ನು ಗೌರವದಿಂದ ಬೀದರಕ್ಕೆ ಕಳಿಸಿದನು. ಊರ ಹೊರಗೆ ಸಾದಾ ಕಟ್ಟೆಯ ಮೇಲೆ ಗೋರಿಯಿದೆ. ಪರದೇಶಸ್ಥ ಸರದಾರರು ಆ ದಿನದಿಂದ ತಮ್ಮ ಡೇರೆಗಳನ್ನು ಸುಲ್ತಾನನ ಡೇರೆಯಿಂದ ದೂರ ಹೊಡೆದರು. ಸುಲ್ತಾನನು ಒಂದು ವರ್ಷವೂ ತುಂಬುವ ಮೊದಲೇ, 1482ರ ಮಾರ್ಚಿನಲ್ಲಿ, ತೀರಿಕೊಂಡನು. ಗವಾನನ ನೆರಳಿನಲ್ಲಿ ಮೊದಲ ಚಾಕರಿ ಪಡೆದು ಬೆಳೆದ ಇನ್ನೊಬ್ಬ ಪರದೇಶಸ್ಥ ಯೂಸುಫ ಆದಿಲಖಾನನಿಗೆ ವಿಜಾಪುರದ ತರಫು ಬಂದಿತ್ತು. ಅವನು 1490ರ ಹೊತ್ತಿಗೆ ಅಲ್ಲಿ ಸ್ವತಂತ್ರನಾಗಿ ಕುಳಿತನು.